ರೊಟ್ಟಿ ಸದ್ದು ನಿಲ್ಲಬಾರದು

"ಏಯ್, ಒಳಗೆ ಸತ್ತು ಬಿದ್ದಿದೀರೇನೇ ಇಬ್ರೂ? ಸೌಂಡ್ ಯಾಕ್ ನಿಲ್ತು?"

ನಾನು ನಿಲ್ಲಿಸಿದ್ದು ಮೂಗು ಒರೆಸಿಕೊಳ್ಳಲು. ಮಾಸ್ಕಿನೊಳಗೆ ಮೂಗು ಸೋರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ, ಆ ವರ್ಷ ಎಲ್ಲರೂ ಅನುಭವಿಸಿದ್ದೇ. ಮೊಣಕೈಗೆ ಒರೆಸಿಕೊಂಡು ಮತ್ತೆ ಹಿಟ್ಟಿಗೆ ಕೈ ಹಾಕಿದೆ. ಪಟ ಪಟ ಪಟ. ಹೊರಗಿನಿಂದ "ಹಾಂ, ಗುಡ್" ಎಂದು ಬಂತು.

"ಮೂಗ್ ಸೀನಾಕೂ ಈ ಬಾಡ್ಯಾನ ಪರ್ಮಿಶನ್ ಬೇಕು ನೋಡಕ್ಕ," ಎಂದಳು ತವೆಯ ಮುಂದೆ ನಿಂತಿದ್ದ ಸಿದ್ದೇಶ್ವರಿ. "ನಾಳೆ ಉಚ್ಚಿ ಹೊಯ್ಯಾಕ ಹೊಂಟ್ರೂ, ಒಂದ್ ಕೈಲೆ ರೊಟ್ಟಿ ಬಡಕೊಂತ ಹೋಗು ಅಂತಾನ."

ಅಟ್ಲಾಂಟಾದ ಮಗ್ಗುಲಿನ ನಾರ್‌ಕ್ರಾಸ್‌ನಲ್ಲಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೂ ಟ್ಯಾಕ್ಸ್ ಆಫೀಸಿಗೂ ನಡುವೆ ನಮ್ಮ ಹೋಟೆಲು. ಹೆಸರು 'ಅಮ್ಮನ ರೊಟ್ಟಿ'. ಯಾರ ಅಮ್ಮ ಎಂದು ಕೇಳಬೇಡಿ. ನಮ್ಮ ಸಾಹುಕಾರ ಸೂರ್ಯನಾರಾಯಣ ಮೈಸೂರಿನವರು. ಹಾಸಿಗೆ ಹಿಡಿದಿದ್ದ ಅವರ ಅಮ್ಮನ ಮೈ ತೊಳೆಯಲೆಂದೇ ಮೂರು ವರ್ಷದ ಹಿಂದೆ ನನ್ನನ್ನು ಬಾಗಲಕೋಟೆ ಕಡೆಯಿಂದ ಕರೆಸಿದ್ದು. ಆ ತಾಯಿ ಒಂದು ದಿನವೂ ಜೋಳದ ರೊಟ್ಟಿ ಮುಟ್ಟಲಿಲ್ಲ, ಗಂಟಲಿಗೆ ಚುಚ್ಚುತ್ತದೆ ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಸಾಹುಕಾರರು ನನ್ನನ್ನು ಊರಿಗೆ ಕಳಿಸುವ ಬದಲು ಹೋಟೆಲಿನ ಅಡುಗೆಮನೆಗೆ ಕಳಿಸಿದರು. ವೀಸಾ ಮುಗಿದು ಯಾವ ಕಾಲವಾಯಿತೋ. ನನ್ನ ಪಾಸ್‌ಪೋರ್ಟು, ಸಿದ್ದೇಶ್ವರಿಯದು, ಎರಡೂ ಅವರ ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಭದ್ರವಾಗಿದ್ದವು. ನಾವು ಮಲಗುವುದು ಅವರ ಮನೆಯ ಬೇಸ್‌ಮೆಂಟಿನಲ್ಲಿ, ಬಂದು ಹೋಗುವುದು ಅವರ ವ್ಯಾನಿನಲ್ಲಿ, ಉಣ್ಣುವುದು ಗಿರಾಕಿಗಳು ತಿನ್ನದೆ ಬಿಟ್ಟ ಮುರುಕು ರೊಟ್ಟಿ.

ಕೊರೋನಾ ಬಂದದ್ದೇ ಬಂದದ್ದು, ಸಾಹುಕಾರರು ಅಡುಗೆಮನೆಗೆ ಕಾಲಿಡುವುದನ್ನು ಬಿಟ್ಟರು. ಮುಂದಿನ ಹಾಲಿಗೂ ನಮಗೂ ನಡುವೆ ಸೂರಿನಿಂದ ನೆಲದವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊಡೆಸಿದರು. ರೊಟ್ಟಿ ಪಾಕೀಟು ದಾಟಿಸಲು ಅದರಲ್ಲಿ ಒಂದು ಕಿಂಡಿ. ಕ್ಯಾಮೆರಾ ಹಾಕಿಸಿದ್ದರು, ಆದರೆ ತವೆಯ ಹೊಗೆ, ಜೋಳದ ಧೂಳು ಎರಡೂ ಸೇರಿ ಅದರ ಕಣ್ಣು ಮೂರೇ ದಿನಕ್ಕೆ ಮುಚ್ಚಿತು. ಒರೆಸೋಣವೆಂದರೆ ಒಳಗೆ ಬರಬೇಕಲ್ಲ. ಹಾಗಾಗಿ ಕಿವಿಯಲ್ಲೇ ಕಾವಲು ಕಾಯತೊಡಗಿದರು. ಪಟ ಪಟ ಕೇಳಿದರೆ ನಾವು ದುಡಿಯುತ್ತಿದ್ದೇವೆ, ಕೇಳದಿದ್ದರೆ ಬೈಗುಳ. ಗಿರಾಕಿಗಳು ಎದುರಿಗಿದ್ದರೆ "ಯಾಕ್ರೀ ನೀಲಗಂಗಾ, ಹುಷಾರಿಲ್ವಾ?" ಎನ್ನುವವರು ಬಾಗಿಲು ಮುಚ್ಚಿದ ತಕ್ಷಣ "ಏಯ್" ಎನ್ನುತ್ತಿದ್ದರು.

ಮುಂಚೆ ಅಡುಗೆಮನೆಯಲ್ಲಿ ಐವರಿದ್ದೆವು. ಪಾತ್ರೆ ತೊಳೆಯುತ್ತಿದ್ದ ರೋಹಿತ ವೇರ್‌ಹೌಸ್ ಸೇರಿದ. ತರಕಾರಿ ಹೆಚ್ಚುತ್ತಿದ್ದ ವೇಣುಗೋಪಾಲ ಟ್ರಕ್ ಹತ್ತಿದ. ಇಬ್ಬರಿಗೂ ಈ ದೇಶದಲ್ಲಿರಲು ಪೇಪರ್ ಇತ್ತು, ಕೊರೋನಾದಲ್ಲಿ ಎಲ್ಲ ಕಡೆ ಜನ ಬೇಕಾಗಿದ್ದರು, ಹೋದರು. ಮುಖ್ಯ ಅಡುಗೆಯವನು ಮಹಾಂತಪ್ಪಣ್ಣ ಸತ್ತ.

ಅವನ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಸಿದ್ದೇಶ್ವರಿಗೆ ಅವನು ಸ್ವಂತ ದೊಡ್ಡಪ್ಪ. ಹುಬ್ಬಳ್ಳಿಯ ಖಾನಾವಳಿಯಿಂದ ಬಂದವನು, ಎಣ್ಣೆಗಾಯಿ ಮಾಡಿದರೆ ಬೆರಳು ನೆಕ್ಕಬೇಕು. ಜನವರಿಯಲ್ಲಿ ಕೆಮ್ಮತೊಡಗಿದ. ರೊಟ್ಟಿ ಒಯ್ಯಲು ಬರುತ್ತಿದ್ದ ಗದಗಿನ ಸ್ಮಿತಾ ಎಂಬ ನರ್ಸ್ ಕಿಂಡಿಯಿಂದ ಕೇಳಿಸಿಕೊಂಡು, "ಈ ಕೆಮ್ಮು ಬರೋಬ್ಬರಿ ಇಲ್ಲ ಸರ್, ಇವತ್ತೇ ಹಾಸ್ಪಿಟಲ್ಲಿಗೆ ಕರ್ಕೊಂಡ್ ಹೋಗ್ರಿ" ಎಂದಳು. "ಒಗ್ಗರಣೆ ಘಾಟು ಮೇಡಂ" ಎಂದು ಸಾಹುಕಾರರು ನಕ್ಕರು. ನಾಲ್ಕು ದಿನ ಒಗ್ಗರಣೆ ಘಾಟಿನಲ್ಲೇ ದುಡಿಸಿದರು. ಐದನೆಯ ದಿನ ಎಮರ್ಜೆನ್ಸಿ ಬಾಗಿಲಲ್ಲಿ ಇಳಿಸಿ, ವ್ಯಾನಿನ ಸೀಟಿಗೆ ಸ್ಪ್ರೇ ಹೊಡೆದುಕೊಂಡು ಬಂದರು. ಒಂಬತ್ತನೆಯ ದಿನಕ್ಕೆ ಸುದ್ದಿ ಬಂತು.

"ಕ್ರಿಮೇಶನ್ ಎಲ್ಲಾ ಆಯ್ತು," ಎಂದರು ಸಾಹುಕಾರರು ಕಿಂಡಿಯ ಆಚೆ ನಿಂತು.

ಸಿದ್ದೇಶ್ವರಿ ಕೈಯಲ್ಲಿದ್ದ ಹಿಟ್ಟು ಬಿಟ್ಟಳು. "ಸುಟ್ರೇನ್ರಿ? ನಮ್ಮೊಳಗ ಸುಡಂಗಿಲ್ರಿ. ಕುಂಡ್ರಿಸಿ, ಕೈಯಾಗ ಲಿಂಗ ಕೊಟ್ಟು ಮಣ್ಣ ಮಾಡ್ತೀವ್ರಿ!"

"ಇಲ್ಲಿ ಒಂದ್ ಹೆಣ ಹೂಳೋಕೆ ಎಷ್ಟಾಗುತ್ತೆ ಗೊತ್ತಾ ನಿಂಗೆ? ನಾನಾಗಿದ್ದಕ್ಕೆ ಇಷ್ಟಾದ್ರೂ ಮಾಡ್ದೆ."

"ಅವ್ನ ಕೊಳ್ಳಾಗಿನ ಲಿಂಗ?" ಎಂದು ನಾನು ಕೇಳಿದೆ.

"ಇನ್ಫೆಕ್ಷನ್ ಅಂತ ಹಾಸ್ಪಿಟಲ್‌ನವ್ರು ಎಲ್ಲಾ ಎಸೆದ್ರಮ್ಮ. ಕಲ್ಲು ತಾನೇ, ಇನ್ನೊಂದು ತರಿಸ್ಕೊಟ್ರೆ ಆಯ್ತು. ಸರಿ ಸರಿ, ಮೂವತ್ತು ಪಾಕೀಟು ಆರ್ಡರ್ ಇದೆ."

ಗಿರಾಕಿಗಳು ಕೇಳಿದಾಗ, ಮಹಾಂತಪ್ಪ ಇಂಡಿಯಾಗೆ ವಾಪಸ್ ಹೋದ ಎಂದರು. ಅಡುಗೆಯವನು ಕೊರೋನಾದಲ್ಲಿ ಸತ್ತ ಎಂದರೆ ರೊಟ್ಟಿ ಯಾರು ಕೊಳ್ಳುತ್ತಾರೆ? ಅಂದಿನಿಂದ ಐದು ಮಂದಿಯ ಕೆಲಸ ಎರಡು ಜೊತೆ ಕೈಗಳಿಗೆ ಬಿತ್ತು.

ಹೀಗೆ ಬರೀ ಗೋಳು ಹೇಳಿದರೆ ನಾವು ಅತ್ತುಕೊಂಡೇ ಇದ್ದೆವು ಎಂದುಕೊಂಡೀರಿ. ಇಲ್ಲಪ್ಪ. ಸಿದ್ದಿಯಂಥವಳು ಪಕ್ಕದಲ್ಲಿದ್ದರೆ ಅಳಲಿಕ್ಕೆ ಪುರಸೊತ್ತು ಸಿಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ಒಂದು ದಿನ ನಾನು ಬಡಿಯುವುದನ್ನು ತನ್ನ ಒಡೆದ ಗಾಜಿನ ಹಳೆಯ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಆಮೇಲೆ ಫೋನನ್ನು ಖಾಲಿ ಸ್ಟೀಲ್ ಬೋಗುಣಿಯಲ್ಲಿ ಇಟ್ಟು ಹಚ್ಚಿದಳು. ಪಟ ಪಟ ಪಟ. ಥೇಟ್ ನನ್ನದೇ ಕೈ. ನಡುವೆ ಬಳೆ ತಾಗಿದ ಸದ್ದು ಕೂಡ ಇತ್ತು.

ಹೊರಗಿನಿಂದ ಬಂತು: "ಹಾಂ, ಗುಡ್. ಹಿಂಗೇ ಸ್ಪೀಡ್ ಮೇಂಟೇನ್ ಮಾಡಿ."

ಮೂರು ವರ್ಷದಲ್ಲಿ ಮೊದಲ ಸಲ ಹಗಲು ಹೊತ್ತಿನಲ್ಲಿ ಕೂತು ಚಹಾ ಕುಡಿದೆ. ನಗು ತಡೆಯಲು ಇಬ್ಬರೂ ಒದ್ದೆ ಅರಿವೆ ಬಾಯಿಗೆ ತುರುಕಿಕೊಂಡಿದ್ದೆವು. ಅಂದಿನಿಂದ ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ಬೋಗುಣಿಯೇ ರೊಟ್ಟಿ ಬಡಿಯಿತು.

ಸಾಹುಕಾರರ ಮಗಳು ಚೈತನ್ಯಾ, ಹದಿನೈದು ವರ್ಷದವಳು, ಖಾಲಿ ಹಾಲಿನ ಮೂಲೆಯ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆನ್‌ಲೈನ್ ಸ್ಕೂಲಿಗೆ ಕೂರುತ್ತಿದ್ದಳು. ಒಳ್ಳೆಯ ಹುಡುಗಿ. ಬೇಸರವಾದರೆ ಕಿಂಡಿಗೆ ಬಂದು ಮಾತಾಡುತ್ತಿದ್ದಳು. ಒಂದು ದಿನ ಅಷ್ಟು ದೊಡ್ಡ ರಟ್ಟಿನ ಮೇಲೆ ಚಿತ್ರ ಬರೆದು ತಂದು ಪ್ಲಾಸ್ಟಿಕ್ ಹಾಳೆಗೆ ಆನಿಸಿ ಹಿಡಿದಳು.

"ಆಂಟಿ, ನನ್ನ ಹಿಸ್ಟರಿ ಪ್ರಾಜೆಕ್ಟ್. ಇದು ಪ್ಲೇಗ್. ತುಂಬಾ ಓಲ್ಡ್ ಟೈಮ್ಸ್, ಇಂಗ್ಲೆಂಡ್‌ನಲ್ಲಿ. ಲೈಕ್, ಹಾಫ್ ಆಫ್ ದ ವಿಲೇಜ್ ಸತ್ ಹೋಯ್ತು."

"ಪಾಪ," ಎಂದೆ ಕೈ ನಿಲ್ಲಿಸದೆ. "ಈ ಹೆಣ್ಮಗಳ್ಯಾರು, ಸೊಂಟ ಬಗ್ಗಿಸ್ಕೊಂಡಾಕಿ?"

"ಪೆಸೆಂಟ್. ಲೈಕ್, ಫಾರ್ಮ್‌ನಲ್ಲಿ ವರ್ಕ್ ಮಾಡೋರು. ನಿಮ್ಮನ್ನ ನೋಡಿ ಡ್ರಾ ಮಾಡ್ದೆ." ಅವಳ ಮುಖದಲ್ಲಿ ಹೆಮ್ಮೆ. ಸೀರೆಯ ಬದಲು ಗೋಣಿಯಂಥ ಅಂಗಿ, ಉಳಿದದ್ದೆಲ್ಲ ನಾನೇ. ಕತ್ತಿನ ಮೇಲಿನ ತುರುಬಿನ ಗಂಟು ಸಮೇತ ಬರೆದಿದ್ದಳು.

"ಮತ್ತ ಈ ದೊಡ್ಡ ಮನಿ?"

"ಲಾರ್ಡ್‌ದು. ನಮ್ಮ ಹೌಸ್ ನೋಡಿ ಮಾಡ್ದೆ."

ಬೇಸ್‌ಮೆಂಟಿನ ಸಣ್ಣ ಕಿಟಕಿಯನ್ನೂ ಬಿಟ್ಟಿರಲಿಲ್ಲ. ಸಿದ್ದಿ ತವೆ ಬಿಟ್ಟು ಬಂದು ಕಿಂಡಿಗೆ ಮುಖ ಹಚ್ಚಿದಳು. "ಅರ್ಧ ಊರು ಸತ್ತ ಮ್ಯಾಲೆ ಏನಾತು?"

"ಸೋ, ಲಾರ್ಡ್‌ಗೆ ವರ್ಕ್ ಮಾಡೋಕೆ ಜನ ಇಲ್ಲ. ಸೋ ಪೆಸೆಂಟ್ಸ್ ಹೇಳಿದ್ರು, ನಮಗೆ ಜಾಸ್ತಿ ಕೊಡಿ ಅಂತ. ದೆನ್ ಕಿಂಗ್‌ಗೆ ತುಂಬಾ ಸಿಟ್ಟು ಬಂತು. ಕಿಂಗ್ ಲಾ ಮಾಡಿದ. ಪ್ಲೇಗ್‌ಗೆ ಬಿಫೋರ್ ಎಷ್ಟು ಕೊಡ್ತಿದ್ರೋ ಅಷ್ಟೇ. ಜಾಸ್ತಿ ಕೇಳಿದ್ರೆ ಜೈಲ್. ಬೇರೆ ಲಾರ್ಡ್ ಹತ್ರ ಹೋದ್ರೂ ಜೈಲ್."

"ಹೌದೇನ? ಮತ್ತ ಅವ್ರೇನ್ ಮಾಡಿದ್ರು?"

"ದೇ ಜಸ್ಟ್ ರ‍್ಯಾನ್, ಆಂಟಿ. ಓಡಿಹೋದ್ರು. ಸಿಟಿಗೆ ಹೋಗಿ ಒಂದು ವರ್ಷ, ಆಮೇಲೆ ಇನ್ನೊಂದು ದಿನ, ಲಾರ್ಡ್ ಕೈಗೆ ಸಿಗದೆ ಇದ್ರೆ ಫ್ರೀ. ಲೈಕ್, ಫಾರೆವರ್."

"ವರ್ಷ ಸರಿ. ಆ ಮ್ಯಾಲಿನ್ ಒಂದ್ ದಿವ್ಸ ಎದಕ್ಕ?"

ಚೈತನ್ಯಾ ಭುಜ ಕುಣಿಸಿದಳು. "ಐ ಡೋಂಟ್ ನೋ. ರೂಲ್ ಅಷ್ಟೇ."

"ಕೂಸಿಗೆ ಎ ಪ್ಲಸ್ ಬರ್ಲಿ," ಎಂದಳು ಸಿದ್ದಿ. ಆ ದಿನವೆಲ್ಲ ತವೆಯ ಮುಂದೆ 'ಕಿಂಗು ಲಾ ಮಾಡಿದಾ' ಎಂದು ಸೋಬಾನೆ ಧಾಟಿಯಲ್ಲಿ ಹಾಡಿಕೊಳ್ಳುತ್ತಿದ್ದಳು.

ಆ ಹಾಡಿನ ಪ್ರಭಾವವೋ ಏನೋ, ಮಾರನೆಯ ದಿನ ಬಾಗಿಲು ಮುಚ್ಚುವ ಹೊತ್ತಿಗೆ ನಾನು ಕಿಂಡಿಯಿಂದ ಬಾಯಿ ಬಿಟ್ಟೆ. ಐದು ಮಂದಿಯ ಕೆಲಸ ಇಬ್ಬರು ಮಾಡುತ್ತಿದ್ದೇವೆ, ಪಾಕೀಟಿನ ರೇಟೂ ಏರಿಸಿದ್ದೀರಿ, ಪಗಾರ ಸ್ವಲ್ಪ ಹೆಚ್ಚು ಮಾಡಿ ಎಂದೆ. ಸಾಹುಕಾರರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮಾತಾಡುವ ತವೆಯನ್ನು ನೋಡಿದಂತೆ ನೋಡಿದರು.

"ಕೊರೋನಾದಲ್ಲಿ ಡಾಕ್ಟ್ರೇಟ್ ಮಾಡಿರೋರು ಕೆಲ್ಸ ಕಳ್ಕೊಂಡು ಕೂತಿದಾರೆ. ನಿಂಗೆ ಊಟ ಹಾಕಿ, ಮಲಗೋಕೆ ಜಾಗ ಕೊಟ್ಟಿದೀನಿ. ಇನ್ನೇನ್ ಕಿರೀಟ ಬೇಕಾ?"

"ಹಂಗಾದ್ರ ನನ್ನ ಪಾಸ್‌ಪೋರ್ಟ್ ಕೊಡ್ರಿ ಸರ್ರ. ನಾ ನನ್ ದಾರಿ ನೋಡ್ಕೊಂತೀನಿ."

"ಪಾಸ್‌ಪೋರ್ಟ್ ತಗೊಂಡು ಏನ್ ಮಾಡ್ತೀಯ? ರೊಟ್ಟಿ ಸುತ್ತಿ ಕೊಡ್ತೀಯಾ?" ಅವರಿಗೆ ತಮ್ಮ ಮಾತು ತಮಗೇ ಹಿಡಿಸಿತು, ನಕ್ಕರು. "ನೋಡು, ನಾನು ಒಂದೇ ಒಂದು ಫೋನ್ ಮಾಡಿದ್ರೆ ಇಮಿಗ್ರೇಶನ್‌ನವ್ರು ಕೈಗೆ ಕೋಳ ಹಾಕಿ ಎತ್ತಾಕ್ಕೊಂಡ್ ಹೋಗ್ತಾರೆ. ನಿನ್ನ ಸೇಫ್ಟಿಗೇ ಅದನ್ನ ಒಳಗಿಟ್ಟಿರೋದು. ಹೋಗು, ತವೆ ತೊಳಿ."

ತವೆ ತೊಳೆದೆ. ಸುಳ್ಳು ಏಕೆ ಹೇಳಲಿ, ಆ ಕೋಳದ ಮಾತಿಗೆ ಹೆದರಿದ್ದೆ. ಇಲ್ಲಿಂದ ಹೊರಟುಬಿಡೋಣ ಎಂದು ಸಿದ್ದಿ ಒಂದು ತಿಂಗಳಿನಿಂದ ಕಿವಿ ಕಚ್ಚುತ್ತಿದ್ದಳು. ಸ್ಮಿತಾ ನರ್ಸು ಈಗ ನಾರ್ತ್ ಕ್ಯಾರೊಲೈನಾದ ಏಪೆಕ್ಸ್ ಎಂಬ ಊರಿಗೆ ಹೋಗಿದ್ದಳು. ನಮ್ಮ ಕಡೆಯ ಇನ್ನೂರು ಮನೆ ಇಲ್ಲಿವೆ, ರೊಟ್ಟಿ ಬಡಿಯುವ ಕೈ ಒಂದೂ ಇಲ್ಲ, ನಮ್ಮ ಮನೆಯ ಮೇಲಿನ ಕೋಣೆ ಖಾಲಿ ಇದೆ, ಬಂದುಬಿಡಿ ಎಂದು ಮೆಸೇಜ್ ಹಾಕುತ್ತಿದ್ದಳಂತೆ. ನಾನೇ ಹಿಂದೆ ಮುಂದೆ ನೋಡುತ್ತಿದ್ದೆ. ಪಾಸ್‌ಪೋರ್ಟು ಇಲ್ಲದೆ ಹೋದರೆ ನಾನು ಯಾರು ಎಂದು ಹೇಳಲಿಕ್ಕೆ ನನ್ನ ಹತ್ತಿರ ಒಂದು ಚೂರು ಕಾಗದವೂ ಇರುವುದಿಲ್ಲ. ಊರಿಗೆ ಹೋಗಬೇಕೆಂದರೂ ಹೋಗುವ ಹಾಗಿಲ್ಲ. ಅದನ್ನು ಬಿಟ್ಟು ಬರಲಾರೆ ಎಂದುಬಿಟ್ಟಿದ್ದೆ.

ನನ್ನನ್ನು ಎಬ್ಬಿಸಿದ್ದು ಸಾಹುಕಾರರೇ. ಅವರ ಫೋನಿನಲ್ಲಿ ಗ್ರೂಪುಗಳಿಗೆ ಲೆಕ್ಕವಿರಲಿಲ್ಲ. ನಮಗೂ ಒಂದಿತ್ತು, ಹೆಸರು 'ಕಿಚನ್ ಫ್ಯಾಮಿಲಿ'. ನಾಳೆ ಇಷ್ಟು ರೊಟ್ಟಿ, ಇಷ್ಟು ಹೋಳಿಗೆ ಎಂದು ದಿನಾ ವಾಯ್ಸ್ ಮೆಸೇಜ್ ಬರುತ್ತಿತ್ತು. ಯುಗಾದಿಗೆ ವಾರವಿದ್ದಾಗ ಒಂದು ಬೆಳಗ್ಗೆ ಫೋನು ಕಿಣಿಗುಟ್ಟಿತು. ಸಿದ್ದಿ ಒತ್ತಿದಳು.

"ನಮಸ್ಕಾರ ಎಲ್ರಿಗೂ. ನಿನ್ನೆ ಝೂಮ್‌ನಲ್ಲಿ ಡಿಸೈಡ್ ಆದ ಹಾಗೆ, ಕೋವಿಡ್‌ಗೆ ಮುಂಚೆ ಏನ್ ಕೊಡ್ತಿದ್ವೋ ಅದಕ್ಕಿಂತ ಒಂದ್ ಡಾಲರ್ ಯಾರೂ ಜಾಸ್ತಿ ಆಫರ್ ಮಾಡೋದು ಬೇಡ. ಒಬ್ರು ಏರಿಸಿದ್ರೆ ಎಲ್ಲಾ ಹೋಟೆಲ್‌ಗೂ ತೊಂದ್ರೆ. ಒಬ್ರ ಕಿಚನ್ ಲೇಬರ್‌ನ ಇನ್ನೊಬ್ರು ತಗೋಬಾರ್ದು. ನನ್ನ ಹತ್ರ ಇರೋ ರೊಟ್ಟಿ ಹೆಂಗಸ್ರು ಏನಾದ್ರೂ ನಿಮ್ಮ ಬಾಗಿಲಿಗೆ ಬಂದ್ರೆ ಕೂರಿಸ್ಕೊಂಡು ನಂಗೊಂದ್ ಫೋನ್ ಹಾಕಿ, ಬಂದು ಹೊಡ್ಕೊಂಡ್ ಬರ್ತೀನಿ. ಪೇಪರ್ಸ್ ಇಲ್ಲ, ಎಲ್ಲಿಗ್ ಹೋಗ್ತಾವೆ ಹೇಳಿ."

ಹೋಟೆಲ್ ಮಾಲೀಕರ ಗ್ರೂಪಿಗೆ ಹೋಗಬೇಕಾದದ್ದು ನಮಗೆ ಬಂದಿತ್ತು. ಎರಡು ನಿಮಿಷಕ್ಕೆ ಅಳಿಸಿದರು. ಆಮೇಲೆ ಹೊರಗಿನಿಂದ, ಎಂದೂ ಇಲ್ಲದ ಮೃದು ದನಿಯಲ್ಲಿ, "ನೀಲಗಂಗಾ, ಏನಾದ್ರೂ ಮೆಸೇಜ್ ಬಂತಾ?" ಎಂದರು.

"ಇಲ್ರಿ ಸರ್ರ, ಕೈ ಹಿಟ್ಟಾಗ್ಯಾವ," ಎಂದೆ.

ಸಿದ್ದಿ ಪಿಸುಗುಟ್ಟಿದಳು. "ಹೊಡ್ಕೊಂಡ್ ಬರ್ತಾನಂತ. ನಾವೇನ್ ಎಮ್ಮಿ ಏನ್, ಹಾಟ್ಯಾನ ಮಗ! ಕಿಂಗ್ ಲಾ ಮಾಡಿದಾ ನೋಡಕ್ಕ, ಅದ ಲಾ. ಹುಡುಗಿ ಬರದಂಗ ಐತಿ, ಒಂದಕ್ಷರ ತಪ್ಪಿಲ್ಲ."

ನನಗೆ ಸಿಟ್ಟು ಬಂತು. ಬೈಸಿಕೊಂಡಾಗ ಬಾರದ ಸಿಟ್ಟು, ಮಹಾಂತಪ್ಪಣ್ಣನನ್ನು ಸುಟ್ಟರೆಂದಾಗ ಅಳುವಿನಲ್ಲಿ ಕೊಚ್ಚಿಹೋಗಿದ್ದ ಸಿಟ್ಟು, ಎಲ್ಲ ಒಟ್ಟಿಗೆ ಬಂತು. ನಾವು ಬೇಡವಾದವರೆಂದು ಮೂರು ವರ್ಷ ನಂಬಿಸಿದ್ದರು. ಈಗ ನೋಡಿದರೆ ನಮ್ಮ ಎರಡು ಜೊತೆ ಕೈಗಾಗಿ ಅಷ್ಟೂ ಜನ ಕೋಟು ಹಾಕಿಕೊಂಡು ಝೂಮ್ ಮೀಟಿಂಗ್ ಮಾಡಿದ್ದಾರೆ.

"ಸ್ಮಿತಾಗ ಬರಾಕ್ ಹೇಳು," ಎಂದೆ. "ಪಾಸ್‌ಪೋರ್ಟ್ ನಾ ತರ್ತೀನಿ."

ಯುಗಾದಿಯ ಹಿಂದಿನ ಶನಿವಾರ. ಆರ್ಡರಿಗೆ ಕೊನೆ ಮೊದಲಿಲ್ಲ. ಮುಂದಿನ ಬಾಗಿಲಲ್ಲಿ ಆರಾರು ಅಡಿ ದೂರಕ್ಕೆ ಅಂಟಿಸಿದ ಹೆಜ್ಜೆ ಗುರುತುಗಳ ಮೇಲೆ ಜನ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಹನ್ನೊಂದಕ್ಕೆ ಸ್ಮಿತಾಳ ವ್ಯಾನು ಹಿಂದಿನ ಬಾಗಿಲಿಗೆ, ಕಸದ ಡಬ್ಬದ ಪಕ್ಕಕ್ಕೆ ಬಂದು ನಿಂತಿತು. ಸಿದ್ದಿ ಫೋನನ್ನು ಬೋಗುಣಿಯಲ್ಲಿಟ್ಟು, ರೆಕಾರ್ಡು ಮುಗಿದರೆ ಮತ್ತೆ ಮೊದಲಿಂದ ಬರುವಂತೆ ಮಾಡಿ ಹಚ್ಚಿದಳು. ಪಟ ಪಟ ಪಟ. ಒಲೆ ಆರಿಸಿದೆವು. ಕಲಸಿದ ಹಿಟ್ಟಿಗೆ ಒದ್ದೆ ಅರಿವೆ ಮುಚ್ಚಿದೆ, ಅದೇನು ತಪ್ಪು ಮಾಡಿತ್ತು? ಸಿದ್ದಿ ದೊಡ್ಡಪ್ಪನ ಸ್ಟೀಲ್ ಸೌಟನ್ನು ಚೀಲಕ್ಕೆ ಹಾಕಿಕೊಂಡಳು. ಅವಳನ್ನು ವ್ಯಾನಿನಲ್ಲಿ ಕೂರಿಸಿ ನಾನು ಕಟ್ಟಡ ಸುತ್ತು ಹಾಕಿ ಮುಂದಿನ ಬಾಗಿಲಿಗೆ ಬಂದೆ. ಸಾಲಿನವರನ್ನು ದಾಟಿ ಒಳಗೆ ಹೋಗಿ ಗಲ್ಲಾದ ಎದುರು ನಿಂತೆ. ಆ ಬಾಗಿಲಿನಿಂದ ನಾನು ಒಳಗೆ ಬಂದದ್ದು ಅದೇ ಮೊದಲು.

ಸಾಹುಕಾರರು ತಲೆ ಎತ್ತದೆ, "ಯೆಸ್ ಮೇಡಂ, ಆರ್ಡರ್ ನೇಮ್?" ಎಂದರು.

"ನೀಲಗಂಗಾ."

ತಲೆ ಎತ್ತಿದರು. ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ನಾನು ಪಟ ಪಟ ರೊಟ್ಟಿ ಬಡಿಯುತ್ತಿದ್ದೆ. ಇಲ್ಲಿ ನೋಡಿದರು. ನಾನು ನಿಂತಿದ್ದೆ. ಮತ್ತೆ ಅಲ್ಲಿ ನೋಡಿದರು. ಒಳಗೆ ನನ್ನ ಬಳೆ ತಾಗಿದ ಸದ್ದು ಬಂತು. ಅವರ ಮುಖ ಹೇಗಿತ್ತೆಂದರೆ, ಅದನ್ನು ನೆನೆದರೆ ಇಂದಿಗೂ ಹೊಟ್ಟೆ ಹಿಡಿದು ನಗುತ್ತೇನೆ.

"ನನ್ ಪಾಸ್‌ಪೋರ್ಟ್ ಕೊಡ್ರಿ."

"ಏನಿದು ನಾಟ್ಕ? ಒಳಗ್ ನಡಿ. ಕಸ್ಟಮರ್ಸ್ ಇದಾರೆ."

"ಇರ್ಲಿ. ಅವ್ರೂ ಕೇಳ್ಲಿ. ಪಾಸ್‌ಪೋರ್ಟ್ ಕೊಡ್ರಿ."

"ನಡಿಯೇ ಒಳಗೆ, ಮುಂಡೆ!" ಗಿರಾಕಿಗಳಿದ್ದರೂ 'ರೀ' ಮರೆತುಹೋಗಿತ್ತು. ಫೋನು ಎತ್ತಿದರು. "ಇಮಿಗ್ರೇಶನ್‌ಗೆ ಹಾಕ್ಲಾ? ಹಾಕ್ಲಾ?"

ನಾನು ಮಾಸ್ಕ್ ಕೆಳಗಿಳಿಸಿದೆ. ವರ್ಷಗಟ್ಟಲೆ ಜೋಳದ ಹಿಟ್ಟು ಕುಡಿದ ಎದೆ, ಕೆಮ್ಮು ಕರೆಯಬೇಕಾಗಿಯೇ ಇರಲಿಲ್ಲ, ಬಾಗಿಲ ಹಿಂದೆಯೇ ಕಾಯುತ್ತಿತ್ತು. ಒಂದು ಸಲ ಕೆಮ್ಮಿದೆ. ಸಾಲು ಪಾರ್ಕಿಂಗ್ ಲಾಟಿನವರೆಗೆ ಹಿಂದೆ ಸರಿಯಿತು. ಎರಡನೆಯ ಸಲ ಗಲ್ಲಾದ ಮೇಲೆ ಬಗ್ಗಿ, ಹೊಟ್ಟೆಯಾಳದಿಂದ ಕೆಮ್ಮಿದೆ. ಸಾಹುಕಾರರಿಗೆ ಲಸಿಕೆ ಆಗಿದ್ದದ್ದು ಒಂದೇ ಡೋಸು. ಕುರ್ಚಿ ಕೆಡವಿಕೊಂಡು ಎದ್ದರು, ಪ್ಲಾಸ್ಟಿಕ್ ಹಾಳೆ ಹರಿದುಕೊಂಡು ಅಡುಗೆಮನೆಯೊಳಗೆ ಓಡಿದರು. ಒಂದು ವರ್ಷದ ಮೇಲೆ ಒಳಗೆ ಹೋದರು, ಅದೂ ನನ್ನ ಭಯಕ್ಕೆ.

"ಒಗ್ಗರಣಿ ಘಾಟ್ರಿ ಸರ್ರ," ಎಂದು ಕೂಗಿ ಹೇಳಿದೆ.

ಬೀಗದ ಕೈ ಡ್ರಾಯರಿನಲ್ಲೇ ನೇತಾಡುತ್ತಿತ್ತು. ಎಳೆದೆ. ನನ್ನದು ಸಿಕ್ಕಿತು, ಸಿದ್ದಿಯದು ಸಿಕ್ಕಿತು. ಅವುಗಳ ಕೆಳಗೆ ಹಾಸ್ಪಿಟಲ್ಲಿನ ಚೀಟಿ ಹಚ್ಚಿದ ಪ್ಲಾಸ್ಟಿಕ್ ಚೀಲ. ಅದರಲ್ಲಿ ಮಹಾಂತಪ್ಪಣ್ಣನ ಪಾಸ್‌ಪೋರ್ಟು, ಒಂದು ಕಡ್ಡಿ ಮುರಿದ ಕನ್ನಡಕ, ಕೆಂಪು ಅರಿವೆಯಲ್ಲಿ ಸುತ್ತಿದ್ದ ಅವನ ಲಿಂಗ.

ಯಾರೂ ಎಸೆದಿರಲಿಲ್ಲ. ಇವರು ಕದ್ದೂ ಇರಲಿಲ್ಲ. ತಂದು, ಮುಟ್ಟಲು ಹೆದರಿ, ಡ್ರಾಯರಿಗೆ ಹಾಕಿ ಮರೆತಿದ್ದರು. ಕದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದೆ. ಪಾರ್ಕಿಂಗ್ ಲಾಟಿನಲ್ಲಿ ಯಾರೋ ಒಬ್ಬರು, "ಆಂಟಿ, ನಮ್ಮ ಆರ್ಡರ್?" ಎಂದರು. "ಸರ್ ಒಳಗ್ ಬಡಿಯಾಕತ್ತಾರ ನೋಡ್ರಿ," ಎಂದೆ.

ವ್ಯಾನು ಹೈವೇ ಹತ್ತಿದ ಮೇಲೆ ಸಿದ್ದಿಯ ಬಾಯಿ ಬಿಚ್ಚಿತು. "ಸ್ಮಿತಕ್ಕ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಳೆ ನೀವೂ ಸಾವ್ಕಾರ್ತಿ ಆದ್ರ?"

ಸ್ಮಿತಾ ನಕ್ಕಳು. "ಆದ್ರ ಮತ್ತ ಓಡ್ರಿ. ದಾರಿ ಗೊತ್ತಾತಲ್ಲ."

ಒಳ್ಳೆಯ ಉತ್ತರ. ಅಷ್ಟರಲ್ಲಿ ನನ್ನ ಮಡಿಲಲ್ಲಿದ್ದ ಚೀಲದ ಮೇಲೆ ಸಿದ್ದಿಯ ಕಣ್ಣು ಬಿತ್ತು. ಬಿಚ್ಚಿ ತೋರಿಸಿದೆ. ಅವಳು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು, ದೊಡ್ಡಪ್ಪ ಅಂತ ಒಂದೇ ಸಲ ಕರೆದು, ಮುಷ್ಟಿ ಮುಚ್ಚಿದವಳು ಒಂದು ಗಂಟೆ ಬಿಚ್ಚಲಿಲ್ಲ.

ದೊಡ್ಡ ಕೆರೆಯ ಸೇತುವೆ ದಾಟಿದೆವು. ಜಾರ್ಜಿಯಾ ಮುಗಿಯಿತು, ಇನ್ನು ಸೌತ್ ಕ್ಯಾರೊಲೈನಾ ಎಂದಳು ಸ್ಮಿತಾ. "ಹಂಗಾದ್ರ ಇಲ್ಲೇ ನಿಲ್ಲಸ್ರಿ," ಎಂದಳು ಸಿದ್ದಿ.

ದಾರಿ ಬದಿಯ ರೆಸ್ಟ್ ಏರಿಯಾ. ಪೈನ್ ಮರಗಳು, ಎಲ್ಲದರ ಮೇಲೂ ಹಳದಿ ಪರಾಗದ ಪುಡಿ, ಮರದ ಬುಡದಲ್ಲಿ ಕೆಂಪು ಮಣ್ಣು. ಸ್ಮಿತಾ ಕಾಫಿ ತರಲು ಹೋದಳು. ನಾವಿಬ್ಬರೂ ಟೇಬಲ್ಲುಗಳ ಆಚೆ, ಹುಲ್ಲು ಮುಗಿಯುವಲ್ಲಿ ಕೂತು ಮಹಾಂತಪ್ಪಣ್ಣನ ಸೌಟಿನಿಂದಲೇ ತೋಡಿದೆವು. ಮಣ್ಣು ಗಟ್ಟಿಯಿತ್ತು, ಸೌಟು ಬಗ್ಗಿತು, ಕೈಯಿಂದ ತೆಗೆದೆವು. ಪಾಸ್‌ಪೋರ್ಟು ಊರಲ್ಲಿರುವ ಅವನ ಹೆಂಡತಿಗೆ ಇರಲಿ ಎಂದು ತೆಗೆದಿಟ್ಟೆ. ಕನ್ನಡಕವನ್ನು ಕೆಳಗಿಟ್ಟು, ಅದರ ಮೇಲೆ ಸಿದ್ದಿ ಲಿಂಗವನ್ನು ಇಟ್ಟಳು. ಮಂತ್ರ ಹೇಳುವ ಸ್ವಾಮಿ ಇರಲಿಲ್ಲ. "ಶಿವಾ ಅನ್ನು ದೊಡ್ಡಪ್ಪ," ಎಂದಳು, "ಇನ್ ಯಾರೂ ನಿನ್ನ ಸುಡಂಗಿಲ್ಲ." ಇಬ್ಬರೂ ಮೂರು ಮೂರು ಹಿಡಿ ಮಣ್ಣು ಹಾಕಿದೆವು.

"ವರ್ಷ ಇವತ್ತಿಂದ ಸುರು ಏನಕ್ಕ?"

"ಇವತ್ತಿಂದನ."

"ಮ್ಯಾಲಿನ್ ಒಂದ್ ದಿವ್ಸ?"

"ಅದು ಇವಂಗ."

ಅವಳು ನಗಲು ಬಾಯಿ ತೆರೆದಳು, ನಗು ಅರ್ಧಕ್ಕೇ ನಿಂತಿತು. ನನ್ನ ಭುಜದ ಹಿಂದೆ ಏನನ್ನೋ ನೋಡುತ್ತಿದ್ದಳು. ಕಾರಿನ ಬಾಗಿಲು ಬಡಿದ ಸದ್ದಾಯಿತು. ತಿರುಗಿ ನೋಡಿದರೆ, ಅಗಲ ಟೋಪಿಯ ಪೊಲೀಸಿನವನೊಬ್ಬ ಸೊಂಟಕ್ಕೆ ಕೈ ಇಟ್ಟು ನಮ್ಮ ಕಡೆಗೇ ಬರುತ್ತಿದ್ದ. ಸಾಹುಕಾರರು ಫೋನು ಮಾಡಿದ್ದರೋ, ಮಣ್ಣು ತೋಡುವ ಇಬ್ಬರು ಹೆಂಗಸರನ್ನು ನೋಡಿ ತಾನಾಗಿ ಬಂದನೋ.

"ಅಕ್ಕಾ, ಏಳು. ಏಳಕ್ಕ."

"ತಡಿ. ಮುಗಿದಿಲ್ಲ."

"ಮ್ಯಾಮ್?" ಎಂದ ಅವನು. ಹುಲ್ಲಿನ ಮೇಲೆ ಬೂಟು ಹತ್ತಿರ ಬಂತು. "ಮ್ಯಾಮ್, ಸ್ಟಾಪ್ ದಟ್."

ಗುಣಿಯ ಮೇಲಿನ ಮಣ್ಣು ಇನ್ನೂ ಸಡಿಲವಾಗಿತ್ತು, ಸಮ ಆಗಿರಲಿಲ್ಲ. ಎರಡೂ ಅಂಗೈ ಅದರ ಮೇಲಿಟ್ಟು ತಟ್ಟತೊಡಗಿದೆ, ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ. ಪಟ ಪಟ ಪಟ. ಅವನು ಮತ್ತೆ ಹೇಳಿದ. ನಾನು ನಿಲ್ಲಿಸಲಿಲ್ಲ.